ಚೆಂಡು ರಿಂಗಿಗೆ ಬೀಳದಿದ್ದಾಗ ದೋಷ ಎಲ್ಲಿದೆ: ಮಕ್ಕಳ ಬ್ಯಾಸ್ಕೆಟ್‌ಬಾಲ್ ಶೂಟಿಂಗ್ ಅಭ್ಯಾಸಕ್ಕೊಂದು ದೋಷ ನಿವಾರಣೆ ಕೈಪಿಡಿ

ಹದಿನಾಲ್ಕು ವರ್ಷದೊಳಗಿನ ಹುಡುಗಿಯರ ತಂಡವೊಂದಕ್ಕೆ ನಾನು ಶೂಟಿಂಗ್ ಹೇಳಿಕೊಡುತ್ತಿದ್ದಾಗ ಎರಡು ತಿಂಗಳ ಕಾಲ ಅವರ ಫ್ರೀ ಥ್ರೋಗಳು (ಎದುರಾಳಿಯ ಫೌಲಿಗೆ ಪ್ರತಿಯಾಗಿ ಗೆರೆಯ ಹಿಂದೆ ನಿಂತು ಅಡ್ಡಿಯಿಲ್ಲದೆ ಎಸೆಯುವ ಎಸೆತಗಳು) ಒಂದೇ ರೀತಿಯಲ್ಲಿ ತಪ್ಪುತ್ತಿದ್ದವು. ಚೆಂಡು ರಿಂಗಿನ ಮುಂಬದಿಯ ಅಂಚಿಗೆ ಬಡಿದು, ಎಸೆದವಳ ಕಡೆಗೇ ಪುಟಿದು ಬರುತ್ತಿತ್ತು. ನಾನು ಒಂದು ದಿನ ಮಣಿಕಟ್ಟು, ಇನ್ನೊಂದು ದಿನ ಮೊಣಕೈ, ಮತ್ತೊಂದು ದಿನ ಮಂಡಿ ಎಂದು ತಿದ್ದುತ್ತಲೇ ಹೋದೆ. ಕೊನೆಗೆ ಶಾಲೆಯ ಕಾಂಪೌಂಡ್ ಗೋಡೆ ಕಟ್ಟಲು ಬಂದಿದ್ದ ಗಾರೆ ಮೇಸ್ತ್ರಿಯೊಬ್ಬರು ಸ್ವಲ್ಪ ಹೊತ್ತು ನಿಂತು ನೋಡಿ, "ಸರ್, ಆ ರಿಂಗು ಮಟ್ಟ ಇಲ್ಲವಲ್ಲ, ಬಾಯಿ ಹಿಂದಕ್ಕೆ ತಿರುಗಿದೆ" ಎಂದರು. ಏಣಿ ಹತ್ತಿ ರಸಮಟ್ಟ ಇಟ್ಟು, ಟೇಪು ಹಿಡಿದು ನೋಡಿದರೆ ರಿಂಗಿನ ಹಿಂಬದಿ 3.05 ಮೀಟರ್ ಎತ್ತರದಲ್ಲಿತ್ತು, ಮುಂಬದಿ 3.10 ಮೀಟರ್. ಕಂಬದ ಬುಡದ ಮಣ್ಣು ಕುಸಿದು ಕಂಬ ಹಿಂದಕ್ಕೆ ವಾಲಿತ್ತು. ನಾನು ಎರಡು ತಿಂಗಳು ತಿದ್ದಿದ್ದು ಮಕ್ಕಳ ಕೈಯನ್ನು; ತಿದ್ದಬೇಕಾಗಿದ್ದದ್ದು ಕಬ್ಬಿಣವನ್ನು.

ಈ ಕೈಪಿಡಿ ಹುಟ್ಟಿದ್ದು ಆ ಅನುಭವದಿಂದ. ಶೂಟಿಂಗ್ ಅಭ್ಯಾಸ ಫಲ ಕೊಡದಿದ್ದಾಗ ಹುಡುಕಾಟ ಹೊರಗಿನಿಂದ ಒಳಕ್ಕೆ ಸಾಗಬೇಕು: ಮೊದಲು ರಿಂಗು ಮತ್ತು ಗೆರೆ, ಆಮೇಲೆ ಚೆಂಡು, ಆಮೇಲೆ ದೂರ, ಆಮೇಲೆ ಮಕ್ಕಳನ್ನು ನಿಲ್ಲಿಸಿರುವ ಕ್ರಮ, ಎಲ್ಲಕ್ಕಿಂತ ಕೊನೆಗೆ ಮಗುವಿನ ಕೈ. ನಮ್ಮಲ್ಲಿ ಹೆಚ್ಚಿನವರು ಇದನ್ನು ತಲೆಕೆಳಗಾಗಿ ಮಾಡುತ್ತೇವೆ, ಏಕೆಂದರೆ ಕೈ ಕಣ್ಣಿಗೆ ಕಾಣುತ್ತದೆ, ಉಳಿದದ್ದನ್ನು ಅಳೆದೇ ನೋಡಬೇಕು.

ದೋಷ ಯಾರದ್ದು, ಯಾವಾಗಿನದ್ದು

ಏನನ್ನೂ ತಿದ್ದುವ ಮೊದಲು ಒಂದು ದಿನದ ಅಭ್ಯಾಸವನ್ನು ಬಾಯಿ ಮುಚ್ಚಿಕೊಂಡು ನೋಡಬೇಕು. ಆಡದೆ ಕುಳಿತ ಹುಡುಗನೊಬ್ಬನ ಕೈಗೆ ಪುಸ್ತಕ ಕೊಟ್ಟು, ತಪ್ಪಿದ ಪ್ರತಿ ಚೆಂಡೂ ಎಲ್ಲಿ ಬಡಿಯಿತು ಎಂಬುದನ್ನು "ಮುಂ", "ಹಿಂ", "ಎ", "ಬ" ಎಂದು ಬರೆಸಿದರೆ ಸಾಕು. ಮುಂದೆ ಅಥವಾ ಹಿಂದೆ ಬಡಿದರೆ ಅದು ಬಲ, ದೂರ ಅಥವಾ ಚೆಂಡಿನ ಏರಿಕೆಗೆ ಸಂಬಂಧಿಸಿದ ದೋಷ. ಎಡಕ್ಕೆ ಅಥವಾ ಬಲಕ್ಕೆ ಬಡಿದರೆ ಅದು ದಿಕ್ಕಿನ ದೋಷ. ಇವೆರಡಕ್ಕೂ ಮದ್ದು ಬೇರೆ ಬೇರೆ, ಮತ್ತು ಒಂದರ ಮದ್ದನ್ನು ಇನ್ನೊಂದಕ್ಕೆ ಕೊಟ್ಟರೆ ಎರಡೂ ಕೆಡುತ್ತವೆ.

ಆ ಪುಸ್ತಕವನ್ನು ಮುಂದಿಟ್ಟುಕೊಂಡು ಕೇಳಬೇಕಾದ ಪ್ರಶ್ನೆಗಳು ಕೆಲವೇ. ತಂಡಕ್ಕೆ ತಂಡವೇ ಒಂದೇ ಕಡೆ ತಪ್ಪುತ್ತಿದ್ದರೆ ದೋಷ ಸಲಕರಣೆಯಲ್ಲೋ ಅಭ್ಯಾಸದ ರಚನೆಯಲ್ಲೋ ಇರುತ್ತದೆ, ಏಕೆಂದರೆ ಹದಿನಾಲ್ಕು ಮಕ್ಕಳ ಮೊಣಕೈ ಒಂದೇ ದಿನ ಒಂದೇ ರೀತಿ ಕೆಡುವುದಿಲ್ಲ. ಒಂದು ರಿಂಗಿನಲ್ಲಿ ಮಾತ್ರ ತಪ್ಪುತ್ತಿದ್ದರೆ ಆ ರಿಂಗನ್ನೇ ನೋಡಬೇಕು. ಒಬ್ಬನೇ ತಪ್ಪುತ್ತಿದ್ದರೆ ಆಗ ಮಾತ್ರ ಅವನ ಕೈಯನ್ನು ನೋಡಬೇಕು. ಮೊದಲ ಹತ್ತು ನಿಮಿಷ ಸರಿಯಿದ್ದು ಕೊನೆಗೆ ಚೆಂಡು ಮುಂಬದಿಗೆ ಬಡಿಯತೊಡಗಿದರೆ ಕಾಲು ದಣಿದಿದೆ ಎಂದರ್ಥ. ಅಲ್ಲಿ ಬೇಕಿರುವುದು ತಿದ್ದುವಿಕೆಯಲ್ಲ, ವಿರಾಮ. ಒಮ್ಮೆಗೆ ಒಂದನ್ನೇ ಬದಲಿಸಬೇಕು. ಚೆಂಡನ್ನೂ ದೂರವನ್ನೂ ಒಟ್ಟಿಗೆ ಬದಲಿಸಿದರೆ, ಗುಣ ಕಂಡರೂ ಯಾವುದರಿಂದ ಕಂಡಿತೆಂದು ಗೊತ್ತಾಗುವುದಿಲ್ಲ.

ರಿಂಗು ಮತ್ತು ಗೆರೆ

ನೆಲದಿಂದ ರಿಂಗಿನ ಮೇಲಂಚಿಗೆ 3.05 ಮೀಟರ್ ಇರಬೇಕು, ರಿಂಗಿನ ಒಳವ್ಯಾಸ 45 ಸೆಂಟಿಮೀಟರ್ ಇರಬೇಕು. ಹಳೆಯ ಸಿಮೆಂಟ್ ಅಂಕಣದ ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿದ ಕಡೆ ಎತ್ತರ ಕಡಿಮೆಯಾಗಿರುತ್ತದೆ. ಆ ಅಂಕಣದಲ್ಲಿ ಚೆನ್ನಾಗಿ ಆಡಿದ ಮಕ್ಕಳು ಬೇರೆ ಊರಿಗೆ ಹೋದಾಗ ಚೆಂಡು ಮುಟ್ಟಿಸಲಾರದೆ ಕಂಗಾಲಾಗುತ್ತಾರೆ. ದೊಡ್ಡ ಹುಡುಗರು ಜೋತುಬಿದ್ದು ಬಾಗಿಸಿದ ರಿಂಗಿನಲ್ಲಿ ಮುಂಬದಿ ಕೆಳಗಿಳಿದಿರುತ್ತದೆ, ಅಲ್ಲಿ ಚೆಂಡು ಸುಲಭವಾಗಿ ಬೀಳುತ್ತದೆ, ಹಾಗಾಗಿ ಯಾರೂ ದೂರುವುದಿಲ್ಲ. ಬೋಲ್ಟು ಸಡಿಲವಾಗಿದ್ದರೆ ರಿಂಗು ಬಡಿತವನ್ನು ನುಂಗಿಕೊಂಡು, ಹೊರಗೆ ಹೋಗಬೇಕಾದ ಚೆಂಡನ್ನೂ ಒಳಗೆ ಬೀಳಿಸುತ್ತದೆ. ಕೋಲಿನಿಂದ ತಟ್ಟಿ ನೋಡಿದರೆ ಸದ್ದಿನಲ್ಲೇ ತಿಳಿಯುತ್ತದೆ.

ಫ್ರೀ ಥ್ರೋ ಗೆರೆಯ ತಪ್ಪು ಇದಕ್ಕಿಂತ ಹೆಚ್ಚು ಕಡೆ ಇರುತ್ತದೆ, ಮತ್ತು ಅದರ ಕಾರಣ ತುಂಬ ಸರಳ. ನಿಯಮದ ಪ್ರಕಾರ ಆ ಗೆರೆಯ ಹೊರ ಅಂಚು ಅಂಕಣದ ಕೊನೆಗೆರೆಯ ಒಳ ಅಂಚಿನಿಂದ 5.80 ಮೀಟರ್ ದೂರದಲ್ಲಿರುತ್ತದೆ, ರಿಂಗಿನ ಹಿಂದಿರುವ ಬೋರ್ಡಿನ ಮುಖ ಕೊನೆಗೆರೆಯಿಂದ 1.20 ಮೀಟರ್ ಒಳಗೆ ಚಾಚಿಕೊಂಡಿರುತ್ತದೆ. ಆದ್ದರಿಂದ ಬೋರ್ಡಿನಿಂದ ಗೆರೆಗೆ 4.60 ಮೀಟರ್. ಆದರೆ ಅನೇಕ ಶಾಲಾ ಮೈದಾನಗಳಲ್ಲಿ ಮುಂದಕ್ಕೆ ಚಾಚಿದ ಕಂಬದ ಬದಲು ನೆಟ್ಟಗಿನ ಕಂಬವನ್ನೇ ನೆಟ್ಟು, ಬೋರ್ಡನ್ನು ಕೊನೆಗೆರೆಯ ನೇರಕ್ಕೇ ಕೂರಿಸಿರುತ್ತಾರೆ. ಬಣ್ಣ ಬಳಿಯುವವರು ಪುಸ್ತಕದಲ್ಲಿರುವ 5.80 ಮೀಟರನ್ನೇ ನಿಷ್ಠೆಯಿಂದ ಅಳೆದು ಗೆರೆ ಎಳೆಯುತ್ತಾರೆ, ಮತ್ತು ಮಗು ಒಂದು ಮೀಟರಿಗೂ ಹೆಚ್ಚು ಹಿಂದಿನಿಂದ ಫ್ರೀ ಥ್ರೋ ಕಲಿಯುತ್ತದೆ. ಮೇಸ್ತ್ರಿಗಳು ಬಳಸುವ ತೂಗುಗುಂಡನ್ನು ಬೋರ್ಡಿನ ಮುಖಕ್ಕೆ ತಾಗಿಸಿ ಇಳಿಬಿಟ್ಟು, ಅದು ನೆಲ ಮುಟ್ಟುವ ಬಿಂದುವಿನಿಂದ 4.60 ಮೀಟರ್ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದರೆ ಹತ್ತು ನಿಮಿಷದಲ್ಲಿ ಸತ್ಯ ಹೊರಬೀಳುತ್ತದೆ.

ಅಂಕಣ ಪೂರ್ವ-ಪಶ್ಚಿಮವಾಗಿದ್ದರೆ ಸಂಜೆ ಪಶ್ಚಿಮದ ರಿಂಗಿನತ್ತ ನೋಡುವ ಮಕ್ಕಳ ಕಣ್ಣಿಗೆ ಬಿಸಿಲು ಹೊಡೆಯುತ್ತದೆ. ಅಲ್ಲಿನ ಲೆಕ್ಕವನ್ನು ನಂಬಬಾರದು.

ಚೆಂಡು

ಗಂಡುಮಕ್ಕಳ ದೊಡ್ಡ ತಂಡಗಳಿಗೆ 7ನೇ ಅಳತೆಯ ಚೆಂಡು, ಹುಡುಗಿಯರಿಗೆ 6ನೇ ಅಳತೆ, ಹನ್ನೆರಡರೊಳಗಿನ ಮಿನಿ ಬ್ಯಾಸ್ಕೆಟ್‌ಬಾಲಿಗೆ 5ನೇ ಅಳತೆ. ತೂಕದಲ್ಲಿ ನೋಡಿದರೆ 7ನೆಯದು 580ರಿಂದ 620 ಗ್ರಾಂ, 6ನೆಯದು 510ರಿಂದ 550 ಗ್ರಾಂ, 5ನೆಯದು 480ರ ಆಸುಪಾಸು. ಶಾಲೆಯ ಉಗ್ರಾಣದಲ್ಲಿ ಇರುವುದು ಸಾಮಾನ್ಯವಾಗಿ 7ನೆಯದೇ ಆದ್ದರಿಂದ ಹತ್ತು ವರ್ಷದ ಮಗುವಿಗೂ ಅದನ್ನೇ ಕೊಡುತ್ತೇವೆ. ಮಗು ಅದನ್ನು ಎತ್ತಲು ಸೊಂಟ ತಿರುಚುತ್ತದೆ, ಎರಡೂ ಕೈಯಿಂದ ತಳ್ಳುತ್ತದೆ, ನಾವು ಅದನ್ನು ಕೆಟ್ಟ ಅಭ್ಯಾಸ ಎಂದು ಕರೆಯುತ್ತೇವೆ. ಮಿನಿ ಬ್ಯಾಸ್ಕೆಟ್‌ಬಾಲಿನಲ್ಲಿ ರಿಂಗು ಕೂಡ 2.60 ಮೀಟರಿಗೆ ಇಳಿದಿರುತ್ತದೆ. ನಮ್ಮ ಕಂಬಗಳು ಇಳಿಯುವುದಿಲ್ಲವಾದ್ದರಿಂದ ಕನಿಷ್ಠ ಚೆಂಡನ್ನಾದರೂ ಇಳಿಸಬೇಕು.

ಇತ್ತೀಚೆಗೆ ಸೇರಿಕೊಂಡಿರುವ ಒಂದು ಬಲೆಯೆಂದರೆ ಮೂವರು-ಮೂವರ ಆಟದ ಚೆಂಡು. ಅದರ ಗಾತ್ರ 6ನೇ ಅಳತೆಯದು, ತೂಕ ಮಾತ್ರ 7ನೆಯದರದ್ದು. ಅಂಗಡಿಯಲ್ಲಿ "ಸೈಜ್ ಸಿಕ್ಸ್" ಎಂದು ಕೇಳಿ ತಂದ ಚೆಂಡು ಹುಡುಗಿಯರ ಕೈಗೆ ಭಾರವಾಗುತ್ತಿದ್ದರೆ ಅಡುಗೆಮನೆಯ ತಕ್ಕಡಿಯಲ್ಲಿಟ್ಟು ತೂಗಿ ನೋಡಿ.

ಗಾಳಿಯನ್ನು ಚೆಂಡಿನ ಮೇಲೆ ಅಚ್ಚಾಗಿರುವ ಒತ್ತಡಕ್ಕೆ ತಕ್ಕಂತೆ ತುಂಬಬೇಕು. ಮೇಲ್ಮೈ ಸವೆದು ನುಣುಪಾದ ರಬ್ಬರ್ ಚೆಂಡು ಬೆಳಗಿನ ಇಬ್ಬನಿಯಲ್ಲಿ ಜಾರುತ್ತದೆ, ಬೇಸಿಗೆಯ ಧೂಳಿನಲ್ಲೂ ಜಾರುತ್ತದೆ. ಆಗ ಮಕ್ಕಳು ಬೆರಳ ತುದಿಯಲ್ಲಿ ಹಿಡಿಯದೆ ಅಂಗೈಯನ್ನೇ ಒತ್ತಿ ಹಿಡಿಯುತ್ತಾರೆ. ಒದ್ದೆ ಬಟ್ಟೆಯೊಂದು ಕೋಚಿನ ಚೀಲದಲ್ಲಿ ಇರಲಿ.

ಚೆಂಡು ಚಪ್ಪಟೆಯಾಗಿ ಹೋಗುವುದು

"ಚೆಂಡನ್ನು ಮೇಲಕ್ಕೆ ಎಸೆ" ಎಂದು ನಾವು ಕೂಗುವುದರ ಹಿಂದೆ ಒಂದು ಲೆಕ್ಕವಿದೆ, ಮತ್ತು ಆ ಲೆಕ್ಕವನ್ನು ಮಕ್ಕಳಿಗೇ ತೋರಿಸುವುದು ಒಳ್ಳೆಯದು. ನೇರ ಮೇಲಿನಿಂದ ಬೀಳುವ ಚೆಂಡಿಗೆ ರಿಂಗು 45 ಸೆಂಟಿಮೀಟರ್ ಅಗಲವಾಗಿ ಕಾಣುತ್ತದೆ. ಚೆಂಡು 45 ಡಿಗ್ರಿ ಕೋನದಲ್ಲಿ ಇಳಿದು ಬಂದರೆ ಅದಕ್ಕೆ ಸಿಗುವ ಬಾಯಿ ಸುಮಾರು 32 ಸೆಂಟಿಮೀಟರ್, 35 ಡಿಗ್ರಿಯಲ್ಲಿ ಬಂದರೆ ಸುಮಾರು 26, 30 ಡಿಗ್ರಿಯಲ್ಲಿ ಬಂದರೆ ಇಪ್ಪತ್ತೆರಡೂವರೆ. 6ನೇ ಅಳತೆಯ ಚೆಂಡಿನ ವ್ಯಾಸವೇ ಸುಮಾರು 23 ಸೆಂಟಿಮೀಟರ್ ಆದ್ದರಿಂದ 30 ಡಿಗ್ರಿಯಲ್ಲಿ ಬಂದ ಚೆಂಡು ಎಷ್ಟೇ ನೇರವಾಗಿದ್ದರೂ ಅಂಚು ತಾಗದೆ ಒಳಗೆ ಹೋಗಲಾರದು. ಆ ವಾಲಿದ ರಿಂಗಿನಲ್ಲಿ ಐದು ಸೆಂಟಿಮೀಟರ್ ಏರಿಕೆಯೆಂದರೆ ಸುಮಾರು ಆರು ಡಿಗ್ರಿ; 45 ಡಿಗ್ರಿಯಲ್ಲಿ ಬರುವ ಒಳ್ಳೆಯ ಚೆಂಡಿಗೂ ಸಿಗುತ್ತಿದ್ದದ್ದು 28 ಸೆಂಟಿಮೀಟರ್ ಬಾಯಿ ಮಾತ್ರ.

ಚಪ್ಪಟೆ ಎಸೆತದ ಕಾರಣ ಬಲದ ಕೊರತೆಯೋ ಕೈಯ ಕ್ರಮವೋ ಎಂದು ತಿಳಿಯಲು ಮಗುವನ್ನು ರಿಂಗಿನಿಂದ ಎರಡು ಮೀಟರಿಗೆ ತರಬೇಕು. ಅಲ್ಲಿ ಚೆಂಡು ಚೆನ್ನಾಗಿ ಏರಿ ಇಳಿದರೆ ಕೈ ಸರಿಯಿದೆ, ದೂರ ಹೆಚ್ಚಾಗಿತ್ತು ಅಷ್ಟೇ. ಕೆಲವು ವಾರ ಹತ್ತಿರದಲ್ಲೇ ಇರಿಸಿ, ಚೆಂಡಿನ ಏರಿಕೆ ಕೆಡದಷ್ಟು ಮಾತ್ರ ಹಿಂದಕ್ಕೆ ಕಳಿಸಬೇಕು. ಎರಡು ಮೀಟರಿನಲ್ಲೂ ಚಪ್ಪಟೆಯಾಗಿಯೇ ಹೋದರೆ ಮಗು ಚೆಂಡನ್ನು ಎತ್ತುವ ಬದಲು ತಳ್ಳುತ್ತಿದೆ. ಆಗ ಉದ್ದ ಹಿಡಿಯ ಪೊರಕೆಯನ್ನು ಮಗುವಿನ ಮುಂದೆ ಎತ್ತಿ ಹಿಡಿದು, ಅದರ ಮೇಲಿನಿಂದ ಎಸೆಯಲು ಹೇಳಿದರೆ ಮೊಣಕೈಯ ಬಗ್ಗೆ ಒಂದು ಮಾತೂ ಆಡದೆ ಮೊಣಕೈ ಮೇಲೇರುತ್ತದೆ. ಹತ್ತು ವರ್ಷದ ಮಕ್ಕಳು ಎದೆಯ ಮಟ್ಟದಿಂದ ಎಸೆಯುವುದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಬಲ ಬಂದ ಹಾಗೆ ಕೈ ತಾನೇ ಏರುತ್ತದೆ.

ಎಡಕ್ಕೆ ಬಲಕ್ಕೆ ತಪ್ಪುವುದು

ಇದು ನಿಜವಾಗಿಯೂ ಕೈಯ ದೋಷ, ಆದರೆ ಎಸೆಯುವ ಕೈಗಿಂತ ಆಸರೆ ಕೊಡುವ ಕೈಯ ಹೆಬ್ಬೆರಳೇ ಹೆಚ್ಚಿನ ಸಲ ತಪ್ಪಿತಸ್ಥ. ಚೆಂಡಿನ ಸುತ್ತ ಎಲೆಕ್ಟ್ರಿಷಿಯನ್ನರು ಬಳಸುವ ಬಿಳಿ ಟೇಪನ್ನು ಒಂದು ಸುತ್ತು ಅಂಟಿಸಿ ಎಸೆಯಿಸಬೇಕು. ಚೆಂಡು ಹಿಮ್ಮುಖವಾಗಿ ನೆಟ್ಟಗೆ ಸುತ್ತಿದರೆ ಆ ಪಟ್ಟಿ ಗಾಳಿಯಲ್ಲಿ ಒಂದು ಗೆರೆಯಂತೆ ನಿಂತಿರುತ್ತದೆ. ಆಸರೆಯ ಕೈ ಪಕ್ಕದಿಂದ ತಳ್ಳುತ್ತಿದ್ದರೆ ಪಟ್ಟಿ ಓಲಾಡುತ್ತದೆ. ಮಗು ತನ್ನ ಕಣ್ಣಿನಿಂದಲೇ ಅದನ್ನು ನೋಡುವುದರಿಂದ ವಾದಕ್ಕೆ ಎಡೆಯಿರುವುದಿಲ್ಲ. ಖಚಿತಪಡಿಸಿಕೊಳ್ಳಲು ರಿಂಗಿನಿಂದ ಒಂದೂವರೆ ಮೀಟರಿನಲ್ಲಿ ನಿಲ್ಲಿಸಿ, ಆಸರೆಯ ಕೈಯನ್ನು ಬೆನ್ನ ಹಿಂದೆ ಇರಿಸಿ, ಒಂದೇ ಕೈಯಲ್ಲಿ ಹತ್ತು ಚೆಂಡು ಎಸೆಯಿಸಿ. ಆಗ ನೇರ ಹೋಗಿ ಎರಡು ಕೈಯಲ್ಲಿ ಪಕ್ಕಕ್ಕೆ ಹೋದರೆ ತಪ್ಪು ಆಸರೆಯ ಕೈಯದ್ದೇ. ಒಂದು ಕೈಯಲ್ಲೂ ಪಕ್ಕಕ್ಕೇ ಹೋದರೆ ಪಾದ, ಭುಜ, ಮೊಣಕೈಗಳ ಸಾಲನ್ನು ನೋಡಬೇಕು.

ಇದನ್ನು ತಿದ್ದಲು ರಿಂಗು ಬೇಕಿಲ್ಲ. ಅಂಕಣದ ಗೆರೆಗಳು 5 ಸೆಂಟಿಮೀಟರ್ ಅಗಲ ಇರುತ್ತವೆ. ಇಬ್ಬರು ಮಕ್ಕಳನ್ನು ಪಕ್ಕದ ಗೆರೆಯ ಮೇಲೆ ಎದುರುಬದುರಾಗಿ ನಿಲ್ಲಿಸಿ, ಶೂಟ್ ಮಾಡಿದ ಚೆಂಡು ಗೆರೆಯ ಮೇಲೇ ಪುಟಿದು ಜೊತೆಗಾರನ ಕೈ ಸೇರುವಂತೆ ಆಡಿಸಿದರೆ, ಬಿದ್ದಿತೋ ಬೀಳಲಿಲ್ಲವೋ ಎಂಬ ಆತಂಕವಿಲ್ಲದೆ ದಿಕ್ಕು ಸರಿಹೋಗುತ್ತದೆ.

ಇನ್ನೊಂದು ಪ್ರಶ್ನೆಯನ್ನು ಮರೆಯದೆ ಕೇಳಬೇಕು: "ಎಸೆಯುವಾಗ ಎಲ್ಲಿ ನೋಡುತ್ತಿದ್ದೆ?" ನುರಿತ ಆಟಗಾರರು ಫ್ರೀ ಥ್ರೋ ಎಸೆಯುವ ಮುನ್ನ ಗುರಿಯ ಮೇಲೆ ದೃಷ್ಟಿಯನ್ನು ಹೆಚ್ಚು ಹೊತ್ತು ನಿಲ್ಲಿಸುತ್ತಾರೆ ಎಂಬುದನ್ನು ಸಂಶೋಧಕಿ ಜೋನ್ ವಿಕರ್ಸ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು. ಮಗುವಿಗೆ ಉತ್ತರ ಹೊಳೆಯದಿದ್ದರೆ, ಅಥವಾ "ಬೋರ್ಡ್ ಕಡೆ" ಎಂದು ಅಂದಾಜಿನಲ್ಲಿ ಹೇಳಿದರೆ, ಕೈಗಿಂತ ಮೊದಲು ಕಣ್ಣನ್ನು ತಿದ್ದಬೇಕಾಗಿದೆ.

ಸಾಲಿನಲ್ಲಿ ನಿಲ್ಲಿಸುವ ರೋಗ

ಹದಿನಾಲ್ಕು ಮಕ್ಕಳು, ಒಂದು ಸಾಲು, ಒಂದು ರಿಂಗು, ಎರಡು ಚೆಂಡು. ಐದು ಸೆಕೆಂಡಿಗೊಂದು ಎಸೆತ ನಡೆದರೂ ಇಪ್ಪತ್ತು ನಿಮಿಷದಲ್ಲಿ 240 ಎಸೆತ, ಅಂದರೆ ಮಗುವಿಗೆ ಹದಿನೇಳು. ಎರಡು ಎಸೆತಗಳ ನಡುವೆ ಒಂದು ನಿಮಿಷಕ್ಕೂ ಹೆಚ್ಚು ಕಾಲ ಮಗು ಹಿಂದಿನವನ ಜೊತೆ ಮಾತಾಡುತ್ತಾ ನಿಂತಿರುತ್ತದೆ, ಹಿಂದಿನ ಎಸೆತದಲ್ಲಿ ಕೈ ಹೇಗಿತ್ತೆಂಬ ನೆನಪು ಅಷ್ಟರಲ್ಲಿ ಆರಿರುತ್ತದೆ. "ಮಕ್ಕಳಿಗೆ ಗಮನವೇ ಇಲ್ಲ" ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಈ ಸಾಲೇ.

ಅದೇ ಮಕ್ಕಳನ್ನು ಎರಡು ರಿಂಗಿನ ಎಡಬಲಕ್ಕೆ ನಾಲ್ಕು ಗುಂಪು ಮಾಡಿ, ಗುಂಪಿಗೊಂದು ಚೆಂಡು ಕೊಟ್ಟು, ಒಬ್ಬರು ಎಸೆಯುವುದು, ಒಬ್ಬರು ರೀಬೌಂಡ್, ಅಂದರೆ ಪುಟಿದು ಬಂದ ಚೆಂಡನ್ನು, ಹಿಡಿದು ಪಾಸ್ ಕೊಡುವುದು ಎಂದು ಗೊತ್ತುಮಾಡಿದರೆ, ಎಂಟು ಸೆಕೆಂಡಿಗೊಂದು ಎಸೆತ ಎಂದು ಹಿಡಿದರೂ ಗುಂಪಿಗೆ 150 ಎಸೆತ ಸಿಗುತ್ತದೆ. ಮೂವರ ಗುಂಪಿನಲ್ಲಿ ತಲೆಗೆ ಐವತ್ತು, ನಾಲ್ವರ ಗುಂಪಿನಲ್ಲಿ ಮೂವತ್ತೇಳು. ಒಂದೇ ರಿಂಗು ಇರುವ ಕಡೆ ಅರ್ಧ ತಂಡ ರಿಂಗಿನಲ್ಲಿರಲಿ, ಉಳಿದರ್ಧ ಗೆರೆಯ ಮೇಲೆ ಜೊತೆಗಾರರೊಂದಿಗೆ ಎಸೆಯಲಿ, ಹತ್ತು ನಿಮಿಷಕ್ಕೆ ಅದಲುಬದಲಾಗಲಿ. ಐದಾರು ಚೆಂಡು ಹೊಂದಿಸಲು ಶಾಲೆಯನ್ನು ಕಾಡಿಬೇಡಬೇಕಾಗುತ್ತದೆ ಎಂಬುದು ನಿಜ, ಆದರೆ ಹೊಸ ಜೆರ್ಸಿಗಿಂತ ಮೊದಲು ಕೇಳಬೇಕಾದದ್ದು ಅದನ್ನೇ.

ಅಭ್ಯಾಸದಲ್ಲಿ ಬೀಳುತ್ತದೆ, ಪಂದ್ಯದಲ್ಲಿ ಬೀಳುವುದಿಲ್ಲ

ಇದನ್ನು ಹೆದರಿಕೆ ಎಂದು ತಳ್ಳಿಹಾಕುವ ಮೊದಲು ಅಭ್ಯಾಸವು ಪಂದ್ಯದ ಹಾಗೆ ಇದೆಯೇ ಎಂದು ನೋಡಬೇಕು. ಅಭ್ಯಾಸದಲ್ಲಿ ಮಗು ಒಂದೇ ಜಾಗದಲ್ಲಿ ನಿಂತು ಇಪ್ಪತ್ತು ಫ್ರೀ ಥ್ರೋ ಎಸೆಯುತ್ತದೆ. ಮೊದಲ ಮೂರು ತಪ್ಪಿದರೂ ನಾಲ್ಕನೆಯದರಿಂದ ಕೈ ಕೂರುತ್ತದೆ. ಪಂದ್ಯದಲ್ಲಿ ಸಿಗುವುದು ಸಾಮಾನ್ಯವಾಗಿ ಎರಡೇ, ಅದೂ ಓಡಿ ಏದುಸಿರು ಬಿಡುತ್ತಿರುವಾಗ, ರೆಫರಿ ಚೆಂಡು ಕೊಟ್ಟ ಐದು ಸೆಕೆಂಡಿನೊಳಗೆ. ಹಾಗಾದರೆ ಅಭ್ಯಾಸದಲ್ಲೂ ಅಂಕಣದ ಆ ತುದಿ ಈ ತುದಿ ಓಡಿಸಿ, ಎರಡೇ ಎಸೆಯಿಸಿ, ಮತ್ತೆ ಓಡಿಸಬೇಕು.

ಆಟದ ನಡುವೆ ಬೇರೆ ಬೇರೆ ಜಾಗದಿಂದ ಚೆಂಡು ಹಿಡಿದು ಎಸೆಯುವ ಅಭ್ಯಾಸಕ್ಕೂ ಇದೇ ಮಾತು. ಕರ್ ಮತ್ತು ಬೂತ್ ಎಂಬ ಸಂಶೋಧಕರು 1978ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಸುಮಾರು ಎಂಟು ವರ್ಷದ ಮಕ್ಕಳು ಕಾಳು ತುಂಬಿದ ಸಣ್ಣ ಚೀಲವನ್ನು ಗುರಿಗೆ ಎಸೆದರು. ಒಂದು ಗುಂಪು ಮೂರು ಅಡಿ ದೂರದಿಂದಲೇ ಅಭ್ಯಾಸ ಮಾಡಿತು, ಇನ್ನೊಂದು ಎರಡು ಮತ್ತು ನಾಲ್ಕು ಅಡಿಗಳಿಂದ; ಕೊನೆಗೆ ಮೂರು ಅಡಿಯ ಪರೀಕ್ಷೆಯಲ್ಲಿ ಚೆನ್ನಾಗಿ ಎಸೆದವರು ಎರಡನೆಯ ಗುಂಪಿನವರು. ಐದು ಜಾಗ ಗುರುತಿಸಿ, ಪ್ರತಿ ಎಸೆತಕ್ಕೂ ಜಾಗ ಬದಲಿಸುವ ಅಭ್ಯಾಸ ನೋಡಲು ಅಂದವಾಗಿರುವುದಿಲ್ಲ, ಬೀಳುವ ಚೆಂಡುಗಳೂ ಕಡಿಮೆ. ಮುಖ್ಯೋಪಾಧ್ಯಾಯರು ನೋಡಲು ಬಂದ ದಿನ ಅದನ್ನೇ ಮುಂದುವರಿಸಲು ಸ್ವಲ್ಪ ಧೈರ್ಯ ಬೇಕು.

ತಿದ್ದಿದಷ್ಟೂ ಕೆಡುವುದು

ಮಗುವಿನ ಎಸೆತ ನಿಮ್ಮ ತಿದ್ದುವಿಕೆಯ ನಂತರವೇ ಹದಗೆಟ್ಟಿದ್ದರೆ, ಕಳೆದ ವಾರ ನೀವು ಆಡಿದ ಮಾತುಗಳನ್ನು ಎಣಿಸಿ. "ಮೊಣಕೈ ಒಳಗೆ, ಮಣಿಕಟ್ಟು ಸಡಿಲ, ಮಂಡಿ ಬಗ್ಗಿಸು, ಬೆರಳು ಅಗಲಿಸು" ಎಂದು ನಾಲ್ಕನ್ನು ಒಟ್ಟಿಗೆ ಕೇಳಿದ ಮಗು ಒಂದನ್ನೂ ಮಾಡಲಾರದು. 2005ರಲ್ಲಿ ಸಂಶೋಧಕಿ ಗಾಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು ಫ್ರೀ ಥ್ರೋಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಮಣಿಕಟ್ಟಿನ ಚಲನೆಯ ಮೇಲೆ ಗಮನವಿಟ್ಟಾಗಿಗಿಂತ ರಿಂಗಿನ ಮೇಲೆ ಗಮನವಿಟ್ಟಾಗ ಎಸೆತಗಳು ಹೆಚ್ಚು ನಿಖರವಾಗಿದ್ದವು. ಆದ್ದರಿಂದ ವಾರಕ್ಕೊಂದೇ ಸೂಚನೆ, ಅದೂ ದೇಹದ ಹೊರಗಿನದು: "ರಿಂಗಿನ ಹಿಂಬದಿಯ ಮೇಲೆ ಚೆಂಡನ್ನು ಇಟ್ಟು ಬಾ", "ಪೊರಕೆಯ ಮೇಲಿನಿಂದ ಕಳಿಸು".

ಹನ್ನೆರಡರಿಂದ ಹದಿನಾಲ್ಕರ ನಡುವೆ ಕೆಲವೇ ತಿಂಗಳಲ್ಲಿ ಉದ್ದವಾಗಿ ಬೆಳೆದ ಮಗುವಿನ ಎಸೆತ ಕೆಟ್ಟರೆ ಅದು ದೋಷವೇ ಅಲ್ಲ. ಕೈಕಾಲಿನ ಅಳತೆ ಬದಲಾಗಿದೆ, ಹತ್ತಿರದಿಂದ ಮತ್ತೆ ಆರಂಭಿಸಬೇಕು ಅಷ್ಟೇ. ಇದೇ ವಯಸ್ಸಿನಲ್ಲಿ ಮಂಡಿಚಿಪ್ಪಿನ ಕೆಳಗಿನ ಮೂಳೆ ಉಬ್ಬು ಮುಟ್ಟಿದರೆ ನೋಯುತ್ತದೆ ಎಂದು ಮಗು ಹೇಳಿದರೆ ನೆಗೆಯುವ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. "ತಡ್ಕೋ" ಎನ್ನುವ ಮಾತು ಇಲ್ಲಿ ಸಲ್ಲದು.

ಲೆಕ್ಕ ಸುಳ್ಳು ಹೇಳುವುದು

ಹತ್ತು ಎಸೆತಗಳ ಲೆಕ್ಕದಿಂದ ಏನನ್ನೂ ತೀರ್ಮಾನಿಸಬಾರದು. ಎರಡರಲ್ಲಿ ಒಂದನ್ನು ಹಾಕುವ ಸಾಮರ್ಥ್ಯವಿರುವ ಮಗು ಹತ್ತರಲ್ಲಿ ಏಳು ಅಥವಾ ಅದಕ್ಕಿಂತ ಹೆಚ್ಚು ಹಾಕುವ ಸಾಧ್ಯತೆ ಶೇ 17, ಮೂರು ಅಥವಾ ಅದಕ್ಕಿಂತ ಕಡಿಮೆ ಹಾಕುವ ಸಾಧ್ಯತೆಯೂ ಶೇ 17. ಅಂದರೆ ಏನೂ ಬದಲಾಗದಿದ್ದರೂ ಮೂರು ದಿನಕ್ಕೊಮ್ಮೆ ಮಗು ನಮಗೆ ತುಂಬ ಚುರುಕಾಗಿಯೋ ತೀರಾ ಮಂಕಾಗಿಯೋ ಕಾಣುತ್ತದೆ, ಮತ್ತು ನಾವು ಹೊಗಳಿಕೆಯೋ ಬೈಗುಳವೋ ಸುರಿಸುತ್ತೇವೆ. ನೂರು ಎಸೆತ ಕೂಡಿದ ಮೇಲೆ ನೋಡಿದರೆ ಈ ಏರುಪೇರು ಬಹುಪಾಲು ನಲವತ್ತರಿಂದ ಅರವತ್ತರೊಳಗೆ ನಿಲ್ಲುತ್ತದೆ. ಪುಸ್ತಕದಲ್ಲಿ ಹೆಸರು, ಜಾಗ, ಬಿದ್ದದ್ದು, ತಪ್ಪಿದ್ದು ಎಲ್ಲಿ ಎಂಬುದರ ಜೊತೆಗೆ ಯಾವ ರಿಂಗು, ಯಾವ ಚೆಂಡು ಎಂಬ ಎರಡು ಕಾಲಂಗಳೂ ಇರಲಿ.

ಆ ಎರಡು ಕಾಲಂ ನನಗೆ ಉಪಯೋಗಕ್ಕೆ ಬಂದದ್ದು ಮೇಸ್ತ್ರಿ ಕಂಬವನ್ನು ನೆಟ್ಟಗೆ ಮಾಡಿ ಬುಡಕ್ಕೆ ಕಾಂಕ್ರೀಟ್ ಹಾಕಿಕೊಟ್ಟ ಮರುವಾರ. ಎಸೆತಗಳು ಸುಧಾರಿಸುವ ಬದಲು ಇನ್ನೂ ಕೆಟ್ಟವು. ಪುಸ್ತಕದ ತುಂಬ "ಹಿಂ, ಹಿಂ, ಹಿಂ" ಎಂದಿತ್ತು. ಎರಡು ತಿಂಗಳು ಎತ್ತರದ ಮುಂಬದಿಯನ್ನು ದಾಟಿಸಲು ಬಲ ಹಾಕಿ ಎಸೆದು ಅಭ್ಯಾಸವಾಗಿದ್ದ ಹುಡುಗಿಯರು ಸರಿಯಾದ ರಿಂಗಿಗೂ ಹಾಗೆಯೇ ಎಸೆಯುತ್ತಿದ್ದರು. ಮೈದಾನದ ಇನ್ನೊಂದು ತುದಿಯ ರಿಂಗಿನಲ್ಲಿ ಅವರದೇ ಲೆಕ್ಕ ಮೊದಲಿನಂತೆಯೇ ಇತ್ತು, ಹಾಗಾಗಿ ಕೈಯನ್ನು ಮುಟ್ಟಲು ಹೋಗಲಿಲ್ಲ. ನಾಲ್ಕು ದಿನ ಮೂರು ಮೀಟರಿನಿಂದ ಎಸೆಯಿಸಿದೆವು, ಐದನೆಯ ದಿನ ಗೆರೆಗೆ ವಾಪಸು ಕಳಿಸಿದೆವು.